ಆರೋಗ್ಯವಂತರ ಗುಂಪಿನ ಇಂದ್ರಮ್ಮ

ಕುರುಬರಹಳ್ಳಿ, ಬೆಂಗಳೂರು
7 ಜುಲೈ 2025

ಡಾ. ಅಮರೇಶ ಅವರಿಗೆ,
ಮುಖ್ಯಸ್ಥರು, ಹೃದಯಕೋಶ ಸಂಶೋಧನಾ ಘಟಕ, ಕೆಂಗೇರಿ ಉಪನಗರ

ಮಾನ್ಯರೇ,

ನಿಮ್ಮ ಘಟಕದಿಂದ ನನಗೊಂದು ಮೂರು ಸಾಲಿನ ಪತ್ರ ಬಂದಿದೆ. ಮೊದಲ ಸಾಲಿನಲ್ಲಿ ಧನ್ಯವಾದ. ಎರಡನೆಯದರಲ್ಲಿ, ನನ್ನ ರಕ್ತದ ಮಾದರಿಯನ್ನು ವಿಶ್ಲೇಷಣೆಯಿಂದ ಕೈಬಿಡಲಾಗಿದೆ ಎಂಬ ಸುದ್ದಿ. ಮೂರನೆಯದರಲ್ಲಿ, ಎರಡನೇ ಸಲ ರಕ್ತ ಕೊಡಲು ಬರಬೇಕಾಗಿಲ್ಲ ಎಂಬ ಅಪ್ಪಣೆ. ಕಾರಣ ಎಲ್ಲಿದೆ? ಹುಡುಕಿದೆ. ಹಾಳೆಯ ಹಿಂದೆಯೂ ನೋಡಿದೆ.

ನಾನು ಯಾರೆಂದು ನಿಮಗೆ ನೆನಪಿರಲಾರದು. ಗ್ರಂಥಾಲಯ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು, ವಯಸ್ಸು ಅರವತ್ತೆಂಟು. ನಮ್ಮ ಎದುರುಮನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಮುನಿಲಕ್ಷ್ಮಮ್ಮ ನಿಮ್ಮ ಅಧ್ಯಯನದ ರೋಗಿ. ಅವಳ ಹೃದಯಕ್ಕೆ ರಕ್ತ ತಳ್ಳುವ ಶಕ್ತಿ ಕಡಿಮೆಯಾಗಿದೆ, ಕಾಲು ಊದುತ್ತದೆ, ಅಂಗಾತ ಮಲಗಲಾರಳು. ಹೋಲಿಸಿ ನೋಡುವುದಕ್ಕೆ ಅದೇ ವಯಸ್ಸಿನ, ಹೃದಯದ ತೊಂದರೆಯಿಲ್ಲದ ಒಬ್ಬ ಹೆಂಗಸನ್ನು ಕರೆತರಬೇಕೆಂದು ನಿಮ್ಮವರೇ ಅವಳಿಗೆ ಹೇಳಿದ್ದು. ಅವಳು ನೇರವಾಗಿ ರಸ್ತೆ ದಾಟಿ ಬಂದು, "ಏ ಇಂದ್ರಾ, ನಿನಗೆ ಜಗಳ ಒಂದು ಬಿಟ್ರೆ ಬೇರೆ ಕಾಯಿಲೆ ಇಲ್ವಲ್ಲ, ನಡಿ" ಅಂದಳು. ಬಂದೆ.

ನೀವು ಕೊಟ್ಟ ಒಪ್ಪಿಗೆ ಪತ್ರದ ಕನ್ನಡ ಯಾವ ಗ್ರಹದ್ದೋ ತಿಳಿಯಲಿಲ್ಲ. ನಿಮ್ಮ ವಿದ್ಯಾರ್ಥಿನಿ ನೀಲಾಂಬಿಕಾ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಳು. ಮೈಯ ಪ್ರತಿಯೊಂದು ಕೋಶವೂ ರಕ್ತಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಬಿಡುತ್ತದೆ, ಅವಕ್ಕೆ ಎಕ್ಸೋಸೋಮ್ ಎನ್ನುತ್ತಾರೆ. ಅದರೊಳಗೆ ಮೈಕ್ರೋ ಆರ್‌ಎನ್‌ಎ ಎಂಬ ಚೀಟಿಗಳಿರುತ್ತವೆ. ಒಂದು ಕೋಶ ಇನ್ನೊಂದಕ್ಕೆ "ಇದನ್ನು ಮಾಡೋದು ನಿಲ್ಲಿಸು" ಎಂದು ಹೇಳಿಕಳಿಸುವ ರೀತಿ ಅದು. ದಣಿದ ಹೃದಯ ಕಳಿಸುವ ಚೀಟಿಗಳೇ ಬೇರೆ. ಅವನ್ನು ಓದುವುದು ಕಲಿತರೆ ಕಾಲು ಊದುವ ಮೊದಲೇ ರೋಗ ಹಿಡಿಯಬಹುದು. ನನಗೆ ಅರ್ಥವಾಯಿತು, ಇಷ್ಟವೂ ಆಯಿತು. ಆ ಸಂತೋಷಕ್ಕೇ ನಿಮ್ಮ ಎರಡನೇ ಮಹಡಿ ಹತ್ತಿದೆ. ಲಿಫ್ಟು ರೋಗಿಗಳಿಗೆ ಮತ್ತು ಸಿಬ್ಬಂದಿಗೆ ಮಾತ್ರವಂತೆ! ಆ ಮೆಟ್ಟಿಲು ಕಟ್ಟಿಸಿದವರಿಗೆ ಮನುಷ್ಯರ ಕಾಲಿನ ಅಳತೆ ಗೊತ್ತಿಲ್ಲ. ತಿರುವಿನಲ್ಲಿ ನಿಂತು ನಿಂತು ಹತ್ತಬೇಕಾಯಿತು.

ಹೀಗೆ ಹತ್ತಿ ಬಂದು, ತೋಳು ಚಾಚಿ, ಕೊಟ್ಟ ರಕ್ತವನ್ನು ಏಕೆ ಕೈಬಿಟ್ಟಿರಿ? ಸೊಸೆ ಸುಮಾ, "ಫೋನ್ ಮಾಡಿ ಕೇಳಿ ಅತ್ತೆ, ಎರಡು ನಿಮಿಷದ ಕೆಲಸ" ಅನ್ನುತ್ತಾಳೆ. ಫೋನಿನಲ್ಲಿ ಹೇಳಿದ್ದನ್ನು ನಾಳೆ ಹೇಳಿಲ್ಲ ಅನ್ನಬಹುದು. ಬರವಣಿಗೆಯಲ್ಲಿ ಉತ್ತರ ಕೊಡಿ.

ಉತ್ತರ ಬರುವವರೆಗೂ ಬರೆಯುತ್ತಲೇ ಇರುವ,
ಇಂದ್ರಮ್ಮ


ಹೃದಯಕೋಶ ಸಂಶೋಧನಾ ಘಟಕ
24 ಜುಲೈ 2025

ಶ್ರೀಮತಿ ಇಂದ್ರಮ್ಮ ಅವರಿಗೆ,

ಮುಖ್ಯಸ್ಥರ ಪರವಾಗಿ ಈ ಉತ್ತರ. ತಮ್ಮ ಸಹಕಾರಕ್ಕೆ ನಾವು ಋಣಿಗಳು. ಸಂಗ್ರಹಿಸಿದ ಮಾದರಿಗಳಲ್ಲಿ ಕೆಲವನ್ನು ತಾಂತ್ರಿಕ ಕಾರಣಗಳಿಂದ ಕೈಬಿಡುವುದು ಸಂಶೋಧನೆಯಲ್ಲಿ ಸಾಮಾನ್ಯ. ಅಧ್ಯಯನದ ಒಟ್ಟು ಫಲಿತಾಂಶ ಪ್ರಕಟವಾದಾಗ ತಮಗೂ ಒಂದು ಪ್ರತಿ ಕಳಿಸಲಾಗುವುದು. ವೈಯಕ್ತಿಕ ಫಲಿತಾಂಶಗಳನ್ನು ಭಾಗವಹಿಸಿದವರಿಗೆ ತಿಳಿಸಲು ನಿಯಮದಲ್ಲಿ ಅವಕಾಶವಿಲ್ಲ.

ಗೌರವದೊಂದಿಗೆ,
ನೀಲಾಂಬಿಕಾ, ಸಂಶೋಧನಾ ವಿದ್ಯಾರ್ಥಿನಿ


ಕುರುಬರಹಳ್ಳಿ
29 ಜುಲೈ 2025

ಡಾ. ಅಮರೇಶ ಅವರಿಗೆ,

ತಾಂತ್ರಿಕ ಕಾರಣ! ಈ ಎರಡು ಪದಗಳ ಜೊತೆ ನನಗೆ ಹಳೆಯ ಪರಿಚಯವಿದೆ. ನಾನು ಸೊಸೆಯಾಗಿ ಈ ಬಡಾವಣೆಗೆ ಬಂದಾಗ ನಲ್ಲಿಯಲ್ಲಿ ನೀರು ಬರದಿದ್ದದ್ದು ತಾಂತ್ರಿಕ ಕಾರಣದಿಂದ. ಮನೆಗೆ ಫೋನ್ ಬೇಕೆಂದು ಅರ್ಜಿ ಹಾಕಿ, ಹೊಟ್ಟೆಯಲ್ಲಿದ್ದ ಮಗ ಶಾಲೆಗೆ ಸೇರಿದರೂ ಫೋನ್ ಬರಲಿಲ್ಲ, ಅದೂ ತಾಂತ್ರಿಕ ಕಾರಣ. ನಮ್ಮ ಶಾಖಾ ಗ್ರಂಥಾಲಯದ ಸೋರುವ ಮಾಳಿಗೆಯ ಕೆಳಗೆ ವಿಶ್ವಕೋಶದ ಸಂಪುಟಗಳು ನೆನೆದು ಊದಿಕೊಂಡಾಗಲೂ ಅದೇ ಎರಡು ಪದ. ಒಂದಂತೂ ಕಲಿತಿದ್ದೇನೆ. ಕಾರಣ ಗೊತ್ತಿಲ್ಲದವರು ಸುಮ್ಮನಿರುತ್ತಾರೆ. ಗೊತ್ತಿದ್ದೂ ಹೇಳದವರು ತಾಂತ್ರಿಕ ಎನ್ನುತ್ತಾರೆ.

ನಾನೂ ಸ್ವಲ್ಪ ಓದಿದ್ದೇನೆ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೆ ಅದರೊಳಗಿನ ಮೈಕ್ರೋ ಆರ್‌ಎನ್‌ಎ ಹೊರಬಿದ್ದು ಲೆಕ್ಕ ಕೆಡುತ್ತದಂತೆ. ತಿಂಡಿ ತಿಂದು ಬಂದಿದ್ದರೆ ಕೊಬ್ಬಿನ ಕಣಗಳು ಗುಳ್ಳೆಗಳ ಜೊತೆ ಬೆರೆಯುತ್ತವಂತೆ. ಕೊಳವೆಯನ್ನು ಬೇಗ ತಣ್ಣಗಿನ ಜಾಗದಲ್ಲಿಡದಿದ್ದರೂ ಕೆಡುತ್ತದಂತೆ. ನಾನು ಕಾಫಿ ಸಹ ಕುಡಿಯದೆ ಬಂದವಳು, ಆ ತ್ಯಾಗ ಎಂಥದ್ದೆಂದು ನಮ್ಮ ಸುಮಾಳನ್ನು ಕೇಳಿ. ಈ ಮೂರರಲ್ಲಿ ಯಾವುದು ಆಯಿತು? ನಿಮ್ಮ ನರ್ಸಿನ ತಪ್ಪೋ, ನಿಮ್ಮ ಫ್ರಿಜ್ಜಿನದೋ, ನನ್ನದೋ?

ಅವಸರವಿಲ್ಲ ಎಂದು ತಿಳಿಯಬೇಡಿ. ಈಗ ನನ್ನ ಕೈಯಲ್ಲಿ ಇನ್ನೂ ಎರಡು ಅರ್ಜಿಗಳಿವೆ. ಮುಖ್ಯರಸ್ತೆ ದಾಟಲು ಕಟ್ಟಿರುವ ಮೇಲ್ಸೇತುವೆಯ ಮೆಟ್ಟಿಲು ಏಣಿಯಂತಿದೆ, ಅದರ ಬಗ್ಗೆ ಒಂದು. ನಮ್ಮ ಬ್ಯಾಂಕು ಕೆಳಗಿನ ಒಳ್ಳೆಯ ಜಾಗ ಬಿಟ್ಟು ಮೊದಲ ಮಹಡಿಗೆ ಹೋಗಿ ಕೂತಿದೆ, ಅದರ ಬಗ್ಗೆ ಇನ್ನೊಂದು. ಗುಡ್ಡದ ಮೇಲಿನ ಆಂಜನೇಯನ ಗುಡಿಗೆ ಹೋಗುವುದನ್ನಂತೂ ಬಿಟ್ಟೇಬಿಟ್ಟೆ, ಅಷ್ಟು ಜನ, ಅಷ್ಟು ನೂಕುನುಗ್ಗಲು. ಈ ಊರಿನಲ್ಲಿ ಎಲ್ಲವನ್ನೂ ಎತ್ತರದಲ್ಲೇ ಇಡಬೇಕೆಂದು ಯಾರು ತೀರ್ಮಾನ ಮಾಡಿದರೋ! ಆ ಎರಡರ ಸಾಲಿಗೆ ನಿಮ್ಮದನ್ನು ಮೂರನೆಯದಾಗಿ ಸೇರಿಸಬೇಕಾಗುತ್ತದೆ.

ಇನ್ನೂ ತಾಳ್ಮೆ ಉಳಿದಿರುವ,
ಇಂದ್ರಮ್ಮ


ವಿಜಯನಗರ
18 ಆಗಸ್ಟ್ 2025

ಇಂದ್ರಮ್ಮನವರಿಗೆ ನಮಸ್ಕಾರಗಳು.

ಇದು ಆಫೀಸಿನ ಪತ್ರವಲ್ಲ. ನಾನಿರುವ ಪಿ.ಜಿ.ಯಿಂದ ಬರೆಯುತ್ತಿದ್ದೇನೆ. ಉತ್ತರ ಬರೆದರೆ ಕವರಿನ ಹಿಂದಿರುವ ಈ ವಿಳಾಸಕ್ಕೇ ಬರೆಯಿರಿ, ದಯವಿಟ್ಟು ಘಟಕಕ್ಕೆ ಬೇಡ.

ನಿಮ್ಮ ರಕ್ತ ಒಡೆದಿರಲಿಲ್ಲ. ಕೊಬ್ಬು ಬೆರೆತಿರಲಿಲ್ಲ. ಫ್ರಿಜ್ಜಿನ ತಪ್ಪೂ ಅಲ್ಲ. ನಿಮ್ಮ ಹೆಸರಿನ ಕೊಳವೆ ನಾನು ನೋಡಿದವುಗಳಲ್ಲೇ ಚೊಕ್ಕಟವಾದದ್ದು.

ನಾವು ಪ್ರತಿಯೊಬ್ಬರ ರಕ್ತವನ್ನೂ ಗ್ರಾಫಿನ ಮೇಲೆ ಒಂದೊಂದು ಚುಕ್ಕಿಯಾಗಿ ಇಡುತ್ತೇವೆ. ರೋಗಿಗಳ ಚುಕ್ಕಿಗಳು ಒಂದು ಕಡೆ ಗುಂಪಾಗಿ ಬಿದ್ದವು, ಆರೋಗ್ಯವಂತರವು (ಇವರನ್ನು ನಾವು ಕಂಟ್ರೋಲ್ ಎನ್ನುತ್ತೇವೆ) ಇನ್ನೊಂದು ಕಡೆ. ಆರೋಗ್ಯವಂತರ ಒಂದೇ ಒಂದು ಚುಕ್ಕಿ ಹೋಗಿ ರೋಗಿಗಳ ನಡುವೆ ಕೂತಿತ್ತು. ನಮ್ಮ ಲೆಕ್ಕ ನೋಡುವ ವೀರೇಶ, "ಇದೊಂದು ತೆಗೆದುಬಿಟ್ರೆ ಗ್ರಾಫ್ ಎಷ್ಟು ನೀಟಾಗುತ್ತೆ ಗೊತ್ತಾ" ಅಂದ. ನಾನು ಬೇಡ ಎಂದೆ. "ಕಂಟ್ರೋಲ್ ಅಂದ್ಮೇಲೆ ಕಂಟ್ರೋಲ್ ಥರ ಇರಬೇಕು, ಇಲ್ಲಾಂದ್ರೆ ಪೇಪರ್ ವಾಪಸ್ ಬರುತ್ತೆ" ಎಂದರು ಅಮರೇಶ ಸರ್. ತೆಗೆದರು. ಅದು ನಿಮ್ಮ ಹೆಸರಿನ ಚುಕ್ಕಿ.

ಇದು ಸಾಬೀತಾದ ಪರೀಕ್ಷೆಯಲ್ಲ. ಇದನ್ನು ನೋಡಿ ಯಾರಿಗೂ ರೋಗವಿದೆ, ಇಲ್ಲ ಎಂದು ಹೇಳುವಂತಿಲ್ಲ. ಹೇಳಬಾರದು ಎಂಬ ನಿಯಮಕ್ಕೆ ಅರ್ಥವೂ ಇದೆ, ಪಕ್ಕಾ ಆಗದ ಮಾತಿನಿಂದ ಜನ ಸುಮ್ಮನೆ ಹೆದರುತ್ತಾರೆ. ನಾನು ನಿಮಗೆ ಬರೆದದ್ದು ತಿಳಿದರೆ ಸರ್ ನನ್ನ ಪ್ರಬಂಧಕ್ಕೆ ಸಹಿ ಹಾಕಲಿಕ್ಕಿಲ್ಲ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಲಿಂಗಸುಗೂರಿನಲ್ಲಿರುವ ನಮ್ಮವ್ವ ದಾನಮ್ಮನಿಗೆ ಫೋನಿನಲ್ಲಿ ಹೇಳಿಕೊಂಡೆ. "ಹೇಳಿಬಿಡವಾ ಆಕಿಗೆ. ನಾಳೆ ಏನರ ಆದ್ರ ನಿನಗ ನಿದ್ದಿ ಹತ್ತತೈತೇನು?" ಅಂದಳು.

ಆದ್ದರಿಂದ ಇಷ್ಟು ಮಾತ್ರ: ನಮ್ಮಲ್ಲಿ ನಿಮಗೆ ಇ.ಸಿ.ಜಿ. ಮಾಡಿ, ನಾಲ್ಕು ಪ್ರಶ್ನೆ ಕೇಳಿ ಆರೋಗ್ಯವಂತರು ಎಂದು ಬರೆದುಕೊಂಡೆವು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿರಲಿಲ್ಲ. ಒಂದು ಸಲ ಎಲ್ಲಾದರೂ ಎಕೋ ಮಾಡಿಸಿಕೊಳ್ಳಿ.

ನಿಮ್ಮ,
ನೀಲಾಂಬಿಕಾ


ಕುರುಬರಹಳ್ಳಿ
22 ಆಗಸ್ಟ್ 2025

ನೀಲಾಂಬಿಕಾ,

ನಿನ್ನ ಪತ್ರ ಓದಿ ಒಂದು ಗಳಿಗೆ ಹೆದರಿದೆ. ಮರುಗಳಿಗೆ ನಗು ಬಂತು. ಆಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆ ಚುಕ್ಕಿ ನನ್ನದಲ್ಲ ಕಣಮ್ಮ. ಮುನಿಲಕ್ಷ್ಮಿಯದು!

ಆವತ್ತು ನಡೆದದ್ದು ಕೇಳು. ಕೆಳಗಿನ ಕೌಂಟರಿನಲ್ಲಿ ಹೆಸರು ಬರೆದುಕೊಂಡು ಟೋಕನ್ ಕೊಟ್ಟರು. ನನ್ನದು ಮುಂದಿತ್ತು. ಮುನಿಲಕ್ಷ್ಮಿ ನೀರು ಹೋಗುವ ಮಾತ್ರೆ ನುಂಗಿ ಬಂದವಳು, ಬಾತ್‌ರೂಮು ಹುಡುಕಿಕೊಂಡು ಹೋಗಿ ವಾಪಸ್ ಬರುವಷ್ಟರಲ್ಲಿ ಅವಳ ಟೋಕನ್ ಸಾಲಿನ ತುದಿಗೆ ಬಿದ್ದಿತ್ತು. ನಿಮ್ಮ ಮಾತು ಕೇಳಿ ಖಾಲಿ ಹೊಟ್ಟೆ ಬೇರೆ. ಅವಳಿಗೆ ಸಕ್ಕರೆ ಕಾಯಿಲೆಯೂ ಇದೆ. ಕೂತಲ್ಲೇ ಬೆವರುತ್ತಿದ್ದಳು, ಕೈ ನಡುಗುತ್ತಿತ್ತು. ನನ್ನ ಟೋಕನ್ ಅವಳ ಕೈಗಿಟ್ಟು, "ನೀನು ಹೋಗಿ ಕೊಟ್ಟು ಮೊದಲು ಏನಾದ್ರೂ ತಿನ್ನು" ಎಂದೆ. ಅವಳದನ್ನು ನಾನಿಟ್ಟುಕೊಂಡು ಕಡೆಗೆ ಹೋದೆ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾವು ಇಷ್ಟು ವರ್ಷ ಮಾಡಿಕೊಂಡು ಬಂದದ್ದೇ ಇದು. ಆಗದವರನ್ನು ಮುಂದೆ ಬಿಡುತ್ತೇವೆ. ನಿಮ್ಮ ನರ್ಸು ಹೆಸರು ಕೇಳಿದಳೇ? ತಲೆಯನ್ನೂ ಎತ್ತಲಿಲ್ಲ. ಟೋಕನ್ ತಗೊಂಡಳು, ಆ ನಂಬರು ಅಂಟಿಸಿದ್ದ ಕೊಳವೆ ಎತ್ತಿಕೊಂಡಳು, ಚುಚ್ಚಿದಳು.

ಆಗ ಆಯಿತಲ್ಲ? ನನ್ನ ಹೆಸರಿನ ಕೊಳವೆಯಲ್ಲಿ ಅವಳ ರಕ್ತ. ರೋಗಿಯ ರಕ್ತ ರೋಗಿಗಳ ನಡುವೆ ಹೋಗಿ ಕೂತರೆ ನಿಮ್ಮ ಪರೀಕ್ಷೆ ಸರಿಯಾಗಿಯೇ ಇದೆ ಎಂದರ್ಥ. ಸರಿಯಾದದ್ದನ್ನು ಹಿಡಿದು ಎಸೆದಿದ್ದೀರಿ! ನಿಜ ಹೇಳಿದ್ದಕ್ಕೆ ಮುನಿಲಕ್ಷ್ಮಿಯನ್ನು ಹೊರಗೆ ಹಾಕಿದಿರಿ, ಯಾಕೆ ಹೀಗಾಯಿತು ಎಂದು ಯಾರಾದರೂ ಒಬ್ಬರು ತಲೆ ಕೆರೆದುಕೊಂಡಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು. ಗ್ರಾಫು ನೀಟಾಗಬೇಕಂತೆ. ಆ ವೀರೇಶನಿಗೆ ನೀಟಾಗಿ ಬೇಕಿದ್ದರೆ ರಂಗೋಲಿ ಹಾಕಲು ಹೇಳು.

ಈಗ ಆರೋಗ್ಯವಂತೆ ಇಂದ್ರಮ್ಮನ ರಕ್ತ ಮುನಿಲಕ್ಷ್ಮಿಯ ಹೆಸರಿನಲ್ಲಿ ರೋಗಿಗಳ ಗುಂಪಿನಲ್ಲಿ ಕೂತಿದೆ. ಅದನ್ನು ಎತ್ತಿ ಅದರ ಜಾಗಕ್ಕೆ ಹಾಕು. ನನ್ನ ರಕ್ತದ ಗುಂಪು ಓ, ಅವಳದು ಬಿ. ಪರೀಕ್ಷೆ ಮಾಡುವ ದಾರಿಯಿದ್ದರೆ ಮಾಡಿ ನೋಡು. ಎಕೋ ಗೀಕೋ ಏನೂ ಬೇಡ. ನನಗೆ ಏನಾಗಿದೆ?

ನಿನ್ನ ಅವ್ವನಿಗೆ ನನ್ನ ನಮಸ್ಕಾರ ಹೇಳು. ನಿಮ್ಮ ಪ್ರೊಫೆಸರಿಗಿಂತ ಅವರಿಗೇ ಬುದ್ಧಿ ಹೆಚ್ಚು.

ಗಟ್ಟಿಯಾಗಿರುವ,
ಇಂದ್ರಮ್ಮ


ವಿಜಯನಗರ
3 ಅಕ್ಟೋಬರ್ 2025

ಇಂದ್ರಮ್ಮನವರೇ,

ಇಷ್ಟು ತಡವಾಗಿದ್ದಕ್ಕೆ ಕ್ಷಮಿಸಿ. ಪರೀಕ್ಷೆಗೆ ಹೆಚ್ಚು ದಿನ ಹಿಡಿಯಲಿಲ್ಲ. ಈ ಪತ್ರಕ್ಕೆ ಹಿಡಿಯಿತು.

ರಕ್ತದ ನೀರನ್ನು ಬೇರೆ ಮಾಡಿದ ಮೇಲೆ ಉಳಿದ ಕಣಗಳನ್ನೂ ನಾವು ಫ್ರೀಜರಿನಲ್ಲಿ ಇಟ್ಟಿರುತ್ತೇವೆ. ಅವುಗಳಿಂದ ರಕ್ತದ ಗುಂಪು ಕಂಡುಹಿಡಿಯಬಹುದು. ನೀವು ಹೇಳಿದ್ದು ನಿಜ. ನಿಮ್ಮ ಹೆಸರಿನ ಕೊಳವೆಯಲ್ಲಿ ಬಿ ಬಂತು, ಮುನಿಲಕ್ಷ್ಮಮ್ಮನವರ ಹೆಸರಿನದರಲ್ಲಿ ಓ. ಟೋಕನ್ ಅದಲುಬದಲಾಗಿದೆ. ನಾವು ಎಸೆದದ್ದು ಅವರ ರಕ್ತ.

ಇನ್ನು ಅವರ ಹೆಸರಿನಲ್ಲಿರುವ ಕೊಳವೆ. ಅದರಲ್ಲಿರುವುದು ನಿಮ್ಮ ರಕ್ತ.

ಅದು ಆರೋಗ್ಯವಂತರ ರಕ್ತದಂತೆ ಇದ್ದಿದ್ದರೆ ರೋಗಿಗಳ ಗುಂಪಿನಲ್ಲಿ ಬೇರೆಯಾಗಿ ಕಾಣಬೇಕಿತ್ತು. ವೀರೇಶನ ಕಣ್ಣು ತಪ್ಪುತ್ತಿರಲಿಲ್ಲ, ಅದನ್ನೂ ತೆಗೆಯೋಣ ಎನ್ನುತ್ತಿದ್ದ. ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಯಾಕೆಂದರೆ ಅದು ರೋಗಿಗಳ ಗುಂಪಿನ ಮಧ್ಯದಲ್ಲೇ ಇದೆ. ಹೃದಯದ ಗೋಡೆ ಬಿಗಿಯಾಗುತ್ತಿರುವಾಗ ಹೆಚ್ಚುವ ಚೀಟಿಗಳು ಅದರಲ್ಲಿ ಮುನಿಲಕ್ಷ್ಮಮ್ಮನವರದಕ್ಕಿಂತಲೂ ಹೆಚ್ಚಿವೆ.

ಎರಡು ಸಲ ಮತ್ತೆ ಮಾಡಿ ನೋಡಿದೆ. ತಪ್ಪಿರಲಿ ಎಂದೇ ಮಾಡಿದೆ.

ಇದು ಸಾಬೀತಾಗದ ಪರೀಕ್ಷೆ ಎಂದು ಹಿಂದೆಯೇ ಬರೆದಿದ್ದೆ. ಈಗಲೂ ಅದನ್ನೇ ಬರೆಯುತ್ತೇನೆ. ಆದರೆ ಎಕೋ ಮಾಡಿಸಿಕೊಳ್ಳಿ ಅಮ್ಮಾ.

ನೀಲಾಂಬಿಕಾ


ಕುರುಬರಹಳ್ಳಿ
9 ನವೆಂಬರ್ 2025

ನೀಲಾಂಬಿಕಾ ಮಗಳಿಗೆ ಎದುರುಮನೆ ಮುನಿಲಕ್ಷ್ಮಮ್ಮ ಬರೆಯೋದು.

ನನ್ನ ಅಕ್ಷರ ಗುಂಡಗಿಲ್ಲ, ಬಯ್ಕೋಬೇಡ. ಇಂದ್ರನಿಂದ ನಿನಗೆ ಕಾಗದ ಬಂದಿರಲ್ಲ ಅಂತ ಗೊತ್ತು, ಅದಕ್ಕೆ ನಾನೇ ಬರೀತಾ ಇದೀನಿ. ಅಡ್ರೆಸ್ಸು ನಿನ್ನ ಕವರಿಂದ ಇಳಿಸಿಕೊಂಡೆ.

ದಸರಾ ಆದ್ಮೇಲೆ ಇವಳು ಸುಮ್ಮನಾಗಿಬಿಟ್ಲು. ಕಸದ ಗಾಡಿಯೋನ ಹತ್ರ ಜಗಳ ಇಲ್ಲ. ಪೇಪರಿನೋನು ತಡವಾಗಿ ಬಂದ್ರೂ ಮಾತಿಲ್ಲ. ರಸ್ತೇನೇ ಹೆದರಿಕೊಳ್ತು ಕಣಮ್ಮ, ಇಂದ್ರಮ್ಮನಿಗೆ ಏನಾಯ್ತು ಅಂತ ಗಿರಣಿಗೆ ಬಂದೋರೆಲ್ಲ ನನ್ನನ್ನ ಕೇಳ್ತಾರೆ. ಸುಮಾ ಬಂದು, "ಆಂಟಿ, ಅತ್ತೆ ಟೀವಿ ನ್ಯೂಸಿಗೂ ಬಯ್ತಾ ಇಲ್ಲ" ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ಲು.

ಹೋಗಿ ಕೂತೆ. ಏನೇ ಅದು ಅಂದೆ. ಏನಿಲ್ಲ ಅಂದ್ಲು. ಏನಿಲ್ಲ ಅನ್ನೋ ಪೈಕೀನಾ ನೀನು, ಏನೂ ಇಲ್ದಿದ್ರೂ ಏನಾದ್ರೂ ಹುಡುಕೋಳು ಅಂದೆ. ಆಗ ನಿನ್ನ ಕಾಗದ ಕೊಟ್ಲು. ನಿಧಾನಕ್ಕೆ ಓದಿದೆ. ಎಲ್ಲ ತಿಳೀಲಿಲ್ಲ, ಬೇಕಾದ್ದು ತಿಳೀತು.

"ಲ್ಯಾಬಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಬಿಡೇ. ಹೆಸರೇ ಸರಿಯಾಗಿ ಅಂಟಿಸಕ್ಕೆ ಬರ್ದೋರು" ಅಂದ್ಲು.

"ಹೆಸರು ಅಂಟಿಸಿದ್ದು ಸರಿಯಾಗೇ ಇತ್ತು, ಟೋಕನ್ ಬದಲಾಯಿಸಿದ್ದು ನಾವು. ಎಕೋ ಮಾಡಿಸು."

"ಉಸಿರು ಚೆನ್ನಾಗೇ ಇದೆ ನಂಗೆ. ಮೆಟ್ಟಿಲು ಹತ್ತುವಾಗ ಒಂಚೂರು, ಅದೂ ಆ ಮೆಟ್ಟಿಲುಗಳನ್ನ ಕಟ್ಟಿರೋ ರೀತಿ ಹಾಗಿದೆ."

ನಂಗೆ ರೇಗಿಹೋಯ್ತು. "ಇಂದ್ರಾ, ಮೇಲ್ಸೇತುವೆ ಮೆಟ್ಟಿಲು ನಾನೂ ಹತ್ತಿದೀನಿ, ಎಲ್ಲ ಮೆಟ್ಟಿಲಂಗೇ ಇದೆ. ಬ್ಯಾಂಕಿಗೆ ಒಂದು ಮಹಡಿ. ಆಂಜನೇಯನ ಗುಡ್ಡ ನಾವು ಮದುವೆಯಾಗಿ ಬಂದಾಗ ಎಷ್ಟಿತ್ತೋ ಅಷ್ಟೇ ಇದೆ. ಯಾವ ಮೆಟ್ಟಿಲೂ ಎತ್ತರ ಆಗಿಲ್ಲ ಕಣೇ. ನಿನ್ನ ಉಸಿರು ಗಿಡ್ಡ ಆಗಿದೆ. ಎರಡು ವರ್ಷದಿಂದ ನೀನು ಊರಿನ ಮೇಲೆಲ್ಲಾ ದೂರು ಕೊಟ್ಟೆ, ನಿನ್ನ ಎದೆ ಒಂದರ ಮೇಲೆ ಕೊಡಲಿಲ್ಲ" ಅಂದೆ.

ಇಂದ್ರ ಎದ್ದು ಒಳಗೆ ಹೋಗಿ ಸೀರೆ ಉಟ್ಕೊಂಡು ಬಂದು, "ಆಟೋಗೆ ಹೇಳು" ಅಂದ್ಲು.

ಬಸವೇಶ್ವರನಗರದಲ್ಲಿ ಎಕೋ ಮಾಡೋ ಡಾಕ್ಟರ ಹತ್ರ ಹೋದ್ವಿ. ಎಡಗಡೆ ತಿರುಗಿ ಮಲಗಿಸಿ ಎದೆ ಮೇಲೆ ಜೆಲ್ ಹಚ್ಚಿದ್ರು. ನಾನು ಒಳಗೇ ನಿಂತಿದ್ದೆ. ಡಾಕ್ಟರು ಬಾಳ ಹೊತ್ತು ನೋಡಿ, ರಕ್ತ ತಳ್ಳೋದು ಚೆನ್ನಾಗಿದೆ, ಆದ್ರೆ ಗೋಡೆ ಬಿಗಿ ಆಗಿದೆ, ಸಡಿಲ ಆಗಿ ರಕ್ತ ತುಂಬಿಸ್ಕೊಳ್ತಿಲ್ಲ, ಅದಕ್ಕೇ ಉಸಿರು ಕಟ್ಟೋದು ಅಂದ್ರು. ಬೀಪಿನೂ ಸುಮಾರು ವರ್ಷದಿಂದ ಜಾಸ್ತಿ ಇರಬೇಕು, ನೋಡಿಸ್ಕೊಂಡಿಲ್ಲ ಅಂದ್ರು. "ಇದೂ ಹಾರ್ಟ್ ಫೇಲ್ಯೂರೇ ಅಮ್ಮಾ, ಹೆಂಗಸರಲ್ಲಿ ಇದೇ ಥರದ್ದು ಜಾಸ್ತಿ, ವಯಸ್ಸಾಯ್ತು ಅಂದ್ಕೊಂಡು ಯಾರೂ ಬರಲ್ಲ."

"ತಳ್ಳೋದು ಚೆನ್ನಾಗಿದ್ರೆ ಫೇಲ್ ಹೇಗಾಗುತ್ತೆ ಡಾಕ್ಟ್ರೇ? ಅರ್ಧ ಪಾಸು ಅನ್ನಿ" ಅಂತ ಅಲ್ಲೇ ಮಲಗಿಕೊಂಡೇ ವಾದಕ್ಕೆ ಇಳಿದ್ಲು. ಆಗ ನಂಗೆ ಜೀವ ಬಂತು. ಅವರೂ ನಕ್ಕು, ಬೇಗ ಸಿಕ್ತು, ಮಾತ್ರೆ ತಗೊಂಡು ಉಪ್ಪು ಕಮ್ಮಿ ಮಾಡಿದ್ರೆ ನನ್ನಂಗೆ ಕಾಲು ಊದಿಸ್ಕೊಂಡು ಆಸ್ಪತ್ರೆ ಸೇರೋದು ತಪ್ಪುತ್ತೆ ಅಂದ್ರು.

ಬರ್ತಾ ಆಟೋದಲ್ಲಿ ನನ್ನ ಕೈ ಹಿಡ್ಕೊಂಡಿದ್ಲು. ಮನೆ ಹತ್ರ ಬಂದಾಗ ಬಿಟ್ಲು, ಯಾರಾದ್ರೂ ನೋಡ್ತಾರೆ ಅಂತ.

ಈಗ ನಿನಗೆ ಬರೆಯೋಕೆ ಕಾರಣ ಬೇರೆ ಇದೆ. ಮೂರು ದಿನದಿಂದ ಅವಳು ನಿಮ್ಮ ದೊಡ್ಡ ಸಾರಿಗೆ ಕಾಗದ ಬರೀತಾ ಇದಾಳೆ. ಓದಿ ಹೇಳಿದ್ಲು. ನಿನ್ನ ತುಂಬ ಹೊಗಳಿದಾಳೆ. ಈ ಹುಡುಗಿ ಧೈರ್ಯ ಮಾಡಿ ನಿಯಮ ಮುರಿದು ನನಗೆ ಹೇಳದಿದ್ರೆ ನಾನು ಸಾಯ್ತಿದ್ದೆ, ನಿಮಗೆಲ್ಲ ಅವಳ ಕಾಲು ಭಾಗ ಮನುಷ್ಯತ್ವ ಇಲ್ಲ ಅಂತ. ಕೇಳಕ್ಕೆ ಚೆನ್ನಾಗಿದೆ. ಆದ್ರೆ ಇದು ಹೋದ್ರೆ ನಿನ್ನ ಗತಿ ಏನು ಅಂದೆ. "ನಿಜ ಬರೆಯೋಕೆ ನಾನ್ಯಾಕೆ ಹೆದರಬೇಕು, ಜೀವಮಾನದಲ್ಲಿ ಒಂದು ಸುಳ್ಳು ಅರ್ಜಿ ಬರೆದೋಳಲ್ಲ ನಾನು" ಅಂತಾಳೆ. ಸ್ಟಾಂಪ್ ತರಿಸಿ ಇಟ್ಟಿದಾಳೆ. ನಾನು ಹೇಳಿದ್ರೆ ಕೇಳಲ್ಲ. ನೀನೇ ಏನಾದ್ರೂ ಬರಿ, ಬೇಗ.

ಮುನಿಲಕ್ಷ್ಮಮ್ಮ


ವಿಜಯನಗರ
15 ನವೆಂಬರ್ 2025

ಇಂದ್ರಮ್ಮನವರೇ,

ಮುನಿಲಕ್ಷ್ಮಮ್ಮನವರ ಪತ್ರ ಮೆಟ್ರೋದಲ್ಲಿ ನಿಂತು ಓದಿದೆ. ಇಳಿಯುವ ಸ್ಟೇಷನ್ ದಾಟಿಹೋಯಿತು. ನೀವು ಬೈಯುತ್ತಿದ್ದೀರಿ ಎಂದು ಕೇಳಿ ಎಷ್ಟು ಸಂತೋಷವಾಯಿತೋ ಹೇಳಲಾರೆ.

ಸರ್‌ಗೆ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂದು ನಿಮಗೆ ಹೇಳುವ ಹಕ್ಕು ನನಗಿಲ್ಲ. ನಾನು ನಿಯಮ ಮುರಿದದ್ದು ನಿಜ. ಕೇಳಿದರೆ ಒಪ್ಪಿಕೊಳ್ಳಬೇಕಾಗುತ್ತದೆ, ಒಪ್ಪಿಕೊಂಡರೆ ಇಲ್ಲಿನ ನಾಲ್ಕು ವರ್ಷ ಮುಗಿಯಿತು, ಊರಿಗೆ ಹೋಗಬೇಕು. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಅದು ನಿಮಗೆ ಗೊತ್ತಿರಲಿ.

ಒಂದು ವಿಷಯ ಮಾತ್ರ ಕೇಳಿಕೊಳ್ಳುತ್ತೇನೆ. ಟೋಕನ್ ಅದಲುಬದಲಾದದ್ದು ಘಟಕಕ್ಕೆ ತಿಳಿಯಲೇಬೇಕು. ನಿಮ್ಮಿಬ್ಬರಂತೆ ಇನ್ನೆಷ್ಟು ಜನ ಬದಲಾಯಿಸಿಕೊಂಡಿದ್ದಾರೋ. ಆರೋಗ್ಯವಂತರು ಎಂದು ಬರೆದುಕೊಂಡವರಲ್ಲಿ ನಿಮ್ಮ ಹಾಗೆ ಇನ್ನೂ ಯಾರಿದ್ದಾರೋ, ಅವರಿಗೂ ಎಕೋ ಆಗಬೇಕು. ನಾನು ಈ ಮಾತೆತ್ತಿದರೆ ನಿನಗೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ನೀವು ಬರೆದರೆ ಕೇಳಲೇಬೇಕಾಗುತ್ತದೆ. ಅಷ್ಟನ್ನಂತೂ ಬರೆಯಿರಿ.

ಮಾತ್ರೆ ಬಿಡಬೇಡಿ. ಉಪ್ಪಿನಕಾಯಿ ಬಿಡಿ.

ನಿಮ್ಮ,
ನೀಲಾಂಬಿಕಾ


ಕುರುಬರಹಳ್ಳಿ, ಬೆಂಗಳೂರು
1 ಡಿಸೆಂಬರ್ 2025

ಡಾ. ಅಮರೇಶ ಅವರಿಗೆ,
ಮುಖ್ಯಸ್ಥರು, ಹೃದಯಕೋಶ ಸಂಶೋಧನಾ ಘಟಕ, ಕೆಂಗೇರಿ ಉಪನಗರ

ಮಾನ್ಯರೇ,

ಜುಲೈನಲ್ಲಿ ಎರಡು ಸಲ ಬರೆದಿದ್ದೆ. ಉತ್ತರವೆಂದು ಕರೆಯಬಹುದಾದದ್ದೇನೂ ಬರಲಿಲ್ಲ. ಆದರೂ ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಅಧ್ಯಯನದಲ್ಲಿ ತಪ್ಪಾಗಿದೆ, ಮತ್ತು ಅದರಲ್ಲಿ ನನ್ನ ಪಾಲೂ ಇದೆ.

ರಕ್ತ ಕೊಟ್ಟ ದಿನ ನಾನೂ ಮುನಿಲಕ್ಷ್ಮಮ್ಮನೂ ಟೋಕನ್ ಬದಲಾಯಿಸಿಕೊಂಡಿದ್ದೆವು. ಅವಳಿಗೆ ಹಸಿವಿನಿಂದ ತಲೆ ಸುತ್ತುತ್ತಿತ್ತು. ಇದರಿಂದ ಕೊಳವೆಗಳೂ ಬದಲಾಗಿರಬಹುದು ಎಂದು ನನಗೆ ಈಚೆಗೆ, ಕಾಫಿ ಸೋಸುತ್ತಿರುವಾಗ, ತಾನಾಗಿ ಹೊಳೆಯಿತು. ನನ್ನ ರಕ್ತದ ಗುಂಪು ಓ, ಅವಳದು ಬಿ. ಪರೀಕ್ಷಿಸಿಕೊಳ್ಳಿ. ಕೈಬಿಟ್ಟದ್ದನ್ನು ಅದರ ಸರಿಯಾದ ಹೆಸರಿನಲ್ಲಿ ಮತ್ತೆ ಸೇರಿಸಿಕೊಳ್ಳಿ. ಒಪ್ಪಿಗೆಯಾಗದ ಮಾದರಿ ಕಂಡಾಗ ಅದನ್ನು ಕೈಬಿಡುವ ಮೊದಲು ಕೊಟ್ಟವರ ಮನೆಗೆ ಹೋಗಿ ಬಾಗಿಲು ತಟ್ಟಿ ಕೇಳುವ ಪದ್ಧತಿ ಇಟ್ಟುಕೊಳ್ಳಿ. ರಕ್ತ ತೆಗೆಯುವವರು ಇನ್ನು ಮುಂದೆ ಮುಖ ನೋಡಿ ಹೆಸರು ಕೇಳಲಿ.

ಇನ್ನೊಂದು ವಿಷಯ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಂದು ಎದುರುಮನೆಯವಳು ಬಲವಂತ ಮಾಡಿದ್ದರಿಂದ ಹೋದ ತಿಂಗಳು ಎಕೋ ಮಾಡಿಸಿಕೊಂಡೆ. ನನಗೂ ಹೃದಯ ವೈಫಲ್ಯವಿದೆ. ವರದಿಯ ನಕಲು ಲಗತ್ತಿಸಿದ್ದೇನೆ. ಒಂದು ಇ.ಸಿ.ಜಿ. ಮಾಡಿ, "ಎದೆ ನೋವು ಇದೆಯೇ" ಎಂದು ಕೇಳಿ, ನನ್ನನ್ನು ಆರೋಗ್ಯವಂತೆ ಎಂದು ಬರೆದುಕೊಂಡಿರಿ. ಎರಡನೇ ಮಹಡಿಗೆ ಹೇಗೆ ಹತ್ತಿ ಬಂದಿರಿ ಎಂದು ಕೇಳಿದ್ದರೆ ಸಾಕಿತ್ತು. ಆ ಗುಂಪಿನಲ್ಲಿರುವ ಪ್ರತಿಯೊಬ್ಬರಿಗೂ ನಿಮ್ಮ ಖರ್ಚಿನಲ್ಲಿ ಎಕೋ ಮಾಡಿಸಿ. ಮಾಡಿಸುವವರೆಗೆ ನಾನು ಬಿಡುವವಳಲ್ಲ. ನನ್ನ ಈಗಿನ ಡಾಕ್ಟರ ಪ್ರಕಾರ ನನಗೆ ಇನ್ನೂ ಸಾಕಷ್ಟು ವರ್ಷಗಳಿವೆ.

ಕೊನೆಯದಾಗಿ ಒಂದು ದೂರು. ನನ್ನ ಫಲಿತಾಂಶದ ಬಗ್ಗೆ ನಿಮ್ಮ ಘಟಕದ ಯಾರೊಬ್ಬರೂ ನನಗೆ ಒಂದಕ್ಷರವನ್ನೂ ತಿಳಿಸಿಲ್ಲ. ಅದರಲ್ಲೂ ನಿಮ್ಮ ವಿದ್ಯಾರ್ಥಿನಿ ನೀಲಾಂಬಿಕಾ. ಎಷ್ಟು ಕೇಳಿದರೂ ನಿಯಮ, ನಿಯಮ ಎಂದಳೇ ಹೊರತು ಬಾಯಿ ಬಿಡಲಿಲ್ಲ. ವಯಸ್ಸಾದವರೆಂಬ ಕನಿಕರವೂ ಇಲ್ಲದ, ಕಲ್ಲಿನಂಥ ಹುಡುಗಿ. ಆಕೆಯ ನಡವಳಿಕೆಯಿಂದ ನನಗೆ ಬಹಳ ಬೇಸರವಾಗಿದೆ. ಈ ಮಾತನ್ನು ಆಕೆಯ ಫೈಲಿನಲ್ಲಿ ನನ್ನ ಸಹಿಯೊಂದಿಗೆ ಕಡ್ಡಾಯವಾಗಿ ಸೇರಿಸಬೇಕೆಂದು ಒತ್ತಾಯಿಸುತ್ತೇನೆ.

ಇಂದ್ರಮ್ಮ